ಐಪಿ ವಿಳಾಸ ಯಾರದು, ಎಲ್ಲಿಯದು: ಯಾವ ಪ್ರಶ್ನೆಗೆ ಯಾವ ಸಾಧನ

ಇಂಟರ್ನೆಟ್‌ಗೆ ಸೇರಿದ ಯಂತ್ರಗಳನ್ನು ಗುರುತಿಸುವ ಸಂಖ್ಯೆಯೇ ಐಪಿ ವಿಳಾಸ. 1.1.1.1 ಎಂಬ ವಿಳಾಸವನ್ನು ನೋಂದಣಿ ಕಡತದಲ್ಲಿ ಹುಡುಕಿ ನೋಡಿ, ದೇಶದ ಜಾಗದಲ್ಲಿ ಆಸ್ಟ್ರೇಲಿಯಾ ಎಂದಿರುತ್ತದೆ. ಅದನ್ನು ಇಂಟರ್ನೆಟ್‌ನಲ್ಲಿ ಈಗ ನಡೆಸುತ್ತಿರುವವರು ಯಾರೆಂದು ಕೇಳಿದರೆ ಅಮೆರಿಕದ ಕ್ಲೌಡ್‌ಫ್ಲೇರ್ ಕಂಪನಿಯ ಹೆಸರು ಬರುತ್ತದೆ. ಬೆಂಗಳೂರಿನ ಮನೆಯ ಬ್ರಾಡ್‌ಬ್ಯಾಂಡ್‌ನಿಂದ ಪಿಂಗ್ ಮಾಡಿದರೆ, ಅಂದರೆ ಒಂದು ಪುಟ್ಟ ಸಂದೇಶ ಕಳಿಸಿ ಉತ್ತರಕ್ಕೆ ಕಾದರೆ, ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡಿನಲ್ಲಿ ಉತ್ತರ ಮರಳುತ್ತದೆ. ಅಂದರೆ ಉತ್ತರ ಕೊಟ್ಟ ಯಂತ್ರ ಇರುವುದು ಆಸ್ಟ್ರೇಲಿಯಾದಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ, ಇಲ್ಲೇ ಆಸುಪಾಸಿನಲ್ಲಿ.

ಮೂರೂ ಉತ್ತರಗಳು ಸರಿ. ಏಕೆಂದರೆ ಮೂರೂ ಬೇರೆ ಬೇರೆ ಪ್ರಶ್ನೆಗೆ ಬಂದ ಉತ್ತರಗಳು. ವಿಳಾಸ ಯಾರ ಹೆಸರಿನಲ್ಲಿದೆ, ಯಾರ ಕೈಯಲ್ಲಿ ನಡೆಯುತ್ತಿದೆ, ಯಂತ್ರ ಎಲ್ಲಿದೆ ಎಂಬುವನ್ನು ಒಂದೇ ಪ್ರಶ್ನೆ ಎಂದುಕೊಂಡು, ಗೂಗಲ್‌ನಲ್ಲಿ ಮೊದಲು ಸಿಕ್ಕ ಜಾಲತಾಣಕ್ಕೆ ವಿಳಾಸ ಅಂಟಿಸಿ, ಅದು ತೋರಿಸಿದ ನಕ್ಷೆಯ ಚುಕ್ಕಿಯನ್ನು ನಂಬುವವರೇ ಹೆಚ್ಚು. ಆ ನಂಬಿಕೆಯಿಂದ ಅಮಾಯಕರಿಗೆ ತೊಂದರೆಯಾದದ್ದಿದೆ. ಹಾಗಾಗಿ ಯಾವ ಸಾಧನ ಒಳ್ಳೆಯದು ಎನ್ನುವುದಕ್ಕೆ ಮೊದಲು, ನಿಮ್ಮ ಪ್ರಶ್ನೆ ಯಾವುದು ಎಂದು ಗೊತ್ತುಮಾಡಿಕೊಳ್ಳಬೇಕು.

ಹೆಸರು ಯಾರದು: ಹೂಈಸ್ ಮತ್ತು ಆರ್‌ಡ್ಯಾಪ್

ಜಗತ್ತಿನ ಐಪಿ ವಿಳಾಸಗಳನ್ನು ಹಂಚುವ ಪ್ರಾದೇಶಿಕ ನೋಂದಣಿ ಸಂಸ್ಥೆಗಳು ಐದು. ಏಷ್ಯಾ-ಪೆಸಿಫಿಕ್‌ಗೆ ಬ್ರಿಸ್ಬೇನ್‌ನ ಎಪಿನಿಕ್, ಯುರೋಪ್ ಮತ್ತು ಪಶ್ಚಿಮ ಏಷ್ಯಾಕ್ಕೆ ಆಮ್‌ಸ್ಟರ್‌ಡ್ಯಾಮ್‌ನ ರೈಪ್ ಎನ್‌ಸಿಸಿ, ಉತ್ತರ ಅಮೆರಿಕಕ್ಕೆ ಆರಿನ್, ಲ್ಯಾಟಿನ್ ಅಮೆರಿಕಕ್ಕೆ ಲ್ಯಾಕ್ನಿಕ್, ಆಫ್ರಿಕಾಕ್ಕೆ ಆಫ್ರಿನಿಕ್. ಭಾರತದಲ್ಲಿ 2012ರಿಂದ ಎಪಿನಿಕ್‌ನ ಕೆಳಗೆ ಇರಿನ್ ಎಂಬ ರಾಷ್ಟ್ರೀಯ ನೋಂದಣಿ ವ್ಯವಸ್ಥೆಯೂ ಇದೆ, ಅದನ್ನು ನಡೆಸುವುದು ನಿಕ್ಸಿ ಎಂಬ ಭಾರತೀಯ ಸಂಸ್ಥೆ. ಇರಿನ್ ಕೊಟ್ಟ ವಿಳಾಸಗಳ ವಿವರ ಎಪಿನಿಕ್ ಕಡತದಲ್ಲೂ ಕಾಣಸಿಗುವುದರಿಂದ ಭಾರತದ ವಿಳಾಸಕ್ಕೆ ಎಪಿನಿಕ್‌ನಲ್ಲಿ ಹುಡುಕಿದರೆ ಸಾಕು.

ಈ ಕಡತ ಓದಲು ದಾರಿ ಎರಡು. ಹೂಈಸ್ ಹಳೆಯದು. ಪೋರ್ಟ್ 43ರಲ್ಲಿ (ಪೋರ್ಟ್ ಎಂದರೆ ಯಂತ್ರದಲ್ಲಿ ಸಂಪರ್ಕಗಳಿಗೆ ಇರುವ ಸಂಖ್ಯೆ ಹಾಕಿದ ಬಾಗಿಲು) ಪ್ರಶ್ನೆ ಕಳಿಸಿದರೆ ಸಾದಾ ಪಠ್ಯ ಬರುತ್ತದೆ. ಕಣ್ಣಲ್ಲಿ ಓದುವವರಿಗೆ ಇದೇ ಹಿತ, ಲಿನಕ್ಸ್ ಅಥವಾ ಮ್ಯಾಕ್‌ನ ಟರ್ಮಿನಲ್‌ನಲ್ಲಿ ಒಂದು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಒಂದೊಂದು ನೋಂದಣಿ ಸಂಸ್ಥೆಯ ಬರಹದ ಶೈಲಿ ಒಂದೊಂದು. ಆರಿನ್ ಬಳಸುವ ಶೀರ್ಷಿಕೆಗಳೇ ಬೇರೆ, ಎಪಿನಿಕ್ ಮತ್ತು ರೈಪ್ ಬಳಸುವುದೇ ಬೇರೆ. ಅದನ್ನು ಪ್ರೋಗ್ರಾಂನಿಂದ ಓದಿಸಲು ಹೊರಟರೆ ಐದು ಕಡೆಗೆ ಐದು ಬಗೆಯ ಕೋಡ್ ಬರೆಯಬೇಕು.

2015ರಲ್ಲಿ ಮಾನಕವಾಗಿ ಹೊರಬಂದ ಆರ್‌ಡ್ಯಾಪ್ ಈ ಗೋಳನ್ನು ತಪ್ಪಿಸಿತು. ಪ್ರಶ್ನೆ ಎಚ್‌ಟಿಟಿಪಿಎಸ್ ಮೇಲೆ ಹೋಗುತ್ತದೆ, ಉತ್ತರ ಎಲ್ಲ ಕಡೆಯಿಂದಲೂ ಒಂದೇ ವಿನ್ಯಾಸದ, ಪ್ರೋಗ್ರಾಂ ಸುಲಭವಾಗಿ ಓದಬಲ್ಲ ಜೇಸನ್ ರೂಪದಲ್ಲಿ ಬರುತ್ತದೆ, ಯಾವ ವಿಳಾಸಕ್ಕೆ ಯಾವ ಸಂಸ್ಥೆಯನ್ನು ಕೇಳಬೇಕು ಎಂಬ ಪಟ್ಟಿಯನ್ನು, ಈ ಐದೂ ಸಂಸ್ಥೆಗಳಿಗೆ ವಿಳಾಸ ಹಂಚುವ ಐಯಾನಾ ಪ್ರಕಟಿಸುತ್ತದೆ. ಡಾಟ್ ಕಾಮ್‌ನಂಥ ಡೊಮೇನ್ ಹೆಸರುಗಳ ಲೋಕದಲ್ಲಂತೂ 2025ರ ಜನವರಿ 28ರಿಂದ ಹೂಈಸ್ ಸೇವೆ ಕೊಡಲೇಬೇಕೆಂಬ ಕಟ್ಟುಪಾಡನ್ನು, ಆ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್ ಕೈಬಿಟ್ಟಿತು. ಸ್ಕ್ರಿಪ್ಟ್ ಬರೆಯುವವರಿಗೆ ಇಂದು ಹೂಈಸ್ ಆರಿಸಿಕೊಳ್ಳಲು ನನಗೆ ಒಂದು ಕಾರಣವೂ ಕಾಣುವುದಿಲ್ಲ. ಒಂದೋ ಎರಡೋ ವಿಳಾಸವನ್ನು ಕೈಯಾರೆ ನೋಡುವವರು ಹೂಈಸ್‌ನಲ್ಲೇ ಮುಂದುವರಿಯಲಿ.

ಎರಡರಲ್ಲೂ ಸಿಗುವ ಅತ್ಯಂತ ಬೆಲೆಬಾಳುವ ಸಂಗತಿ ದುರ್ಬಳಕೆ ಬಗ್ಗೆ ದೂರು ಕಳಿಸುವ ಇಮೇಲ್ ವಿಳಾಸ. ಎರಡರಲ್ಲೂ ಜನ ತಪ್ಪಾಗಿ ಓದುವುದು ದೇಶ ಮತ್ತು ಅಂಚೆ ವಿಳಾಸ. ಅಲ್ಲಿರುವುದು ನೋಂದಾಯಿಸಿದ ಸಂಸ್ಥೆಯ ಕಚೇರಿ. ದೇಶವ್ಯಾಪಿ ಕಂಪನಿಯೊಂದು ದೆಹಲಿಯ ಕೇಂದ್ರ ಕಚೇರಿಯ ಹೆಸರಲ್ಲಿ ಲಕ್ಷಗಟ್ಟಲೆ ವಿಳಾಸ ಪಡೆದು ಅದರಲ್ಲಿ ಒಂದನ್ನು ಸಿಂಧನೂರಿನ ಗ್ರಾಹಕರಿಗೆ ಕೊಟ್ಟರೂ ಕಡತದಲ್ಲಿ ದೆಹಲಿಯೇ ಇರುತ್ತದೆ. ಇಲ್ಲಿ ಸಿಂಧನೂರನ್ನು ಹುಡುಕುವುದು ವ್ಯರ್ಥ.

ಈಗ ನಡೆಸುತ್ತಿರುವವರು ಯಾರು: ಬಿಜಿಪಿ ಮಾಹಿತಿ

ನಮ್ಮ ಪಹಣಿಯಲ್ಲಿ ಜಮೀನಿನ ಮಾಲೀಕರ ಕಾಲಂ ಬೇರೆ, ಸಾಗುವಳಿ ಮಾಡುವವರ ಕಾಲಂ ಬೇರೆ ಇರುತ್ತದಲ್ಲ, ಐಪಿ ವಿಳಾಸಗಳಲ್ಲೂ ಅಷ್ಟೇ. ನೋಂದಣಿ ಕಡತ ಮಾಲೀಕರ ಕಾಲಂ. ಸಾಗುವಳಿ ಯಾರದು ಎಂದು ತಿಳಿಯಲು ಬಿಜಿಪಿ ಘೋಷಣೆಗಳನ್ನು, ಅಂದರೆ ಜಾಲಗಳು ತಮ್ಮಲ್ಲಿರುವ ದಾರಿಗಳನ್ನು ಒಂದಕ್ಕೊಂದು ತಿಳಿಸುವ ಸಂದೇಶಗಳನ್ನು, ನೋಡಬೇಕು.

ಇಂಟರ್ನೆಟ್‌ನ ಪ್ರತಿ ದೊಡ್ಡ ಜಾಲಕ್ಕೂ ಎಎಸ್ ಸಂಖ್ಯೆ ಎಂಬ ಗುರುತು ಇರುತ್ತದೆ. ಗೂಗಲ್‌ಗೆ 15169, ಕ್ಲೌಡ್‌ಫ್ಲೇರ್‌ಗೆ 13335, ಬಿಎಸ್‌ಎನ್‌ಎಲ್‌ಗೆ 9829, ಜಿಯೋಗೆ 55836. ‘ಈ ವಿಳಾಸಗಳಿಗೆ ಹೋಗುವ ದಾರಿ ನನ್ನಲ್ಲಿದೆ’ ಎಂದು ಆಯಾ ಜಾಲ ಜಗತ್ತಿಗೆ ಸಾರುತ್ತಲೇ ಇರುತ್ತದೆ. ಸಾರುವುದು ನಿಂತರೆ ಆ ವಿಳಾಸಕ್ಕೆ ಸಂಚಾರವೇ ನಿಲ್ಲುತ್ತದೆ. ಆದ್ದರಿಂದಲೇ ಇಲ್ಲಿ ಹಳಸಿದ ಮಾಹಿತಿ ಉಳಿಯುವುದು ಕಷ್ಟ. ತಪ್ಪಾಗಿ ಅಥವಾ ಕದ್ದು ಘೋಷಿಸುವ ಪ್ರಸಂಗಗಳು ಇವೆ, ಆದರೂ ಅವು ಅಪವಾದ.

2011ರ ಫೆಬ್ರವರಿ 3ರಂದು ಐಯಾನಾ ಬಳಿ ಹಂಚದೆ ಉಳಿದಿದ್ದ ಕೊನೆಯ ಐಪಿವಿ4 (1.1.1.1ರಂಥ ಹಳೆಯ ಮಾದರಿಯ) ವಿಳಾಸಗಳೂ ಪ್ರಾದೇಶಿಕ ಸಂಸ್ಥೆಗಳ ಪಾಲಾದವು. ಅಲ್ಲಿಂದ ಮುಂದೆ ವಿಳಾಸಗಳ ಖರೀದಿ, ವರ್ಗಾವಣೆ, ಬಾಡಿಗೆ ಜೋರಾಯಿತು. ಬಾಡಿಗೆಗೆ ಹೋದ ವಿಳಾಸದಲ್ಲಿ ಹೆಸರು ಒಬ್ಬರದು, ಬಳಕೆ ಇನ್ನೊಬ್ಬರದು. ಈ ವ್ಯತ್ಯಾಸ ಬಿಜಿಪಿಯಲ್ಲಿ ಕಾಣುತ್ತದೆ.

ನೋಡುವುದು ಎಲ್ಲಿ? ಬ್ರೌಸರ್‌ನಲ್ಲಿ ನೋಡುವವರಿಗೆ ಹರಿಕೇನ್ ಎಲೆಕ್ಟ್ರಿಕ್‌ನ ಬಿಜಿಪಿ ಪುಟ ಸರಳ, ವೇಗ. ಇತಿಹಾಸ ಬೇಕಿದ್ದರೆ ರೈಪ್‌ಸ್ಟ್ಯಾಟ್‌ಗೆ ಸರಿಸಾಟಿ ಇಲ್ಲ. ಒಂದು ವಿಳಾಸದ ಗುಂಪನ್ನು ಕಳೆದ ವರ್ಷ ಯಾರು ಘೋಷಿಸುತ್ತಿದ್ದರು ಎಂಬುದು ಅಲ್ಲಿ ಉಚಿತವಾಗಿ ಸಿಗುತ್ತದೆ, ಹಳೆಯ ಲಾಗ್ (ಯಾರು ಯಾವಾಗ ಬಂದರು ಎಂದು ಸರ್ವರ್ ಬರೆದಿಡುವ ದಾಖಲೆ) ಇಟ್ಟುಕೊಂಡು ತನಿಖೆ ಮಾಡುವವರಿಗೆ ಇದು ದೊಡ್ಡ ವರ. ಸಾವಿರಾರು ವಿಳಾಸಗಳ ಪಟ್ಟಿ ಕೈಯಲ್ಲಿದ್ದರೆ ಟೀಮ್ ಸಿಮ್ರು ನಡೆಸುವ ಸೇವೆ: ಪಟ್ಟಿಯನ್ನು ಒಟ್ಟಿಗೆ ಕಳಿಸಿದರೆ ಪ್ರತಿ ವಿಳಾಸದ ಎಎಸ್ ಸಂಖ್ಯೆ, ಜಾಲದ ಹೆಸರು ಸಾಲಾಗಿ ಬರುತ್ತವೆ.

ಎಲ್ಲಿದೆ: ಸ್ಥಳ ಹೇಳುವ ಡೇಟಾಬೇಸ್‌ಗಳು

ಮೊದಲೆರಡು ಪ್ರಶ್ನೆಗಳಿಗೆ ದಾಖಲೆ ಇದೆ. ಈ ಮೂರನೆಯದಕ್ಕೆ ಇಲ್ಲ, ಇರುವುದು ಅಂದಾಜು. ಐಪಿ ವಿಳಾಸದೊಳಗೆ ಊರಿನ ಹೆಸರು ಅಡಗಿಲ್ಲ. ಮ್ಯಾಕ್ಸ್‌ಮೈಂಡ್, ಐಪಿಇನ್ಫೋ, ಮಲೇಷ್ಯಾದ ಐಪಿ2ಲೊಕೇಶನ್, ಡಿಬಿ-ಐಪಿ ಮೊದಲಾದ ಕಂಪನಿಗಳು ನೋಂದಣಿ ಕಡತ, ರೂಟರ್‌ಗಳ ಹೆಸರು, ಸಂದೇಶ ಹೋಗಿಬರುವ ಸಮಯ, ಜಾಲದವರು ತಾವೇ ಪ್ರಕಟಿಸಿದ ಪಟ್ಟಿ, ಬಳಕೆದಾರರ ತಿದ್ದುಪಡಿ ಇವನ್ನೆಲ್ಲ ಸೇರಿಸಿ ಒಂದು ಊಹೆ ಕಟ್ಟುತ್ತವೆ. ದೇಶದ ಮಟ್ಟದಲ್ಲಿ ಆ ಊಹೆ ಬಹುತೇಕ ನಿಲ್ಲುತ್ತದೆ. ಊರಿನ ಮಟ್ಟಕ್ಕೆ ಇಳಿದಂತೆ ಕುಸಿಯುತ್ತದೆ. ಮನೆಯ ಮಟ್ಟದ ಉತ್ತರ ಕೊಡುತ್ತೇನೆ ಎನ್ನುವ ಜಾಲತಾಣ ಸುಳ್ಳು ಹೇಳುತ್ತಿದೆ.

ಅಮೆರಿಕದ ಕ್ಯಾನ್ಸಸ್‌ನ ಪಾಟ್‌ವಿನ್ ಎಂಬ ಸಣ್ಣ ಊರಿನ ಹತ್ತಿರದ ತೋಟದ ಮನೆಗೆ ಆದದ್ದನ್ನು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ತಿಳಿದಿರಬೇಕು. ‘ಅಮೆರಿಕದಲ್ಲಿದೆ, ಎಲ್ಲಿ ಎಂದು ಗೊತ್ತಿಲ್ಲ’ ಎನ್ನುವ ವಿಳಾಸಗಳಿಗೆ ಮ್ಯಾಕ್ಸ್‌ಮೈಂಡ್ ದೇಶದ ನಡುಮಧ್ಯದ ಒಂದು ಬಿಂದುವನ್ನು ಕೊಟ್ಟಿತ್ತು, 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ. ಆ ಬಿಂದು ಬಿದ್ದದ್ದು ಈ ಮನೆಯ ಅಂಗಳದಲ್ಲಿ. 60 ಕೋಟಿಗೂ ಹೆಚ್ಚು ವಿಳಾಸಗಳು ಅಲ್ಲಿಗೆ ತೋರಿಸುತ್ತಿದ್ದವು. ಕಳುವಾದ ಖಾತೆ, ವಂಚನೆ, ಕಾಣೆಯಾದ ಮಕ್ಕಳು ಎಂದು ವರ್ಷಗಟ್ಟಲೆ ಪೊಲೀಸರೂ ಸಿಟ್ಟಿಗೆದ್ದ ಜನರೂ ಆ ಮನೆಗೆ ಬಂದರು. ಕಾರಣ ಏನೆಂದು ಮನೆಯವರಿಗೆ ಗೊತ್ತೇ ಇರಲಿಲ್ಲ. 2016ರಲ್ಲಿ ಪತ್ರಿಕಾ ವರದಿಯಿಂದ ವಿಷಯ ಹೊರಬಂದ ಮೇಲೆ ಕಂಪನಿ ಬಿಂದುವನ್ನು ಒಂದು ಜಲಾಶಯದ ನಡುವಿಗೆ ಸರಿಸಿತು. ಕಂಪನಿಯ ಮಾಹಿತಿಯಲ್ಲಿ ಇದು ದೇಶದ ಮಟ್ಟದ ಉತ್ತರ ಮಾತ್ರವಾಗಿತ್ತು. ನಕ್ಷೆಯ ಮೇಲೆ ಚುಕ್ಕಿ ಇಟ್ಟವರು ಅದನ್ನು ಮನೆಯ ವಿಳಾಸವಾಗಿ ಓದಿದರು.

ಮ್ಯಾಕ್ಸ್‌ಮೈಂಡ್‌ನ ಊರು ಮಟ್ಟದ ಉತ್ತರದೊಂದಿಗೆ ‘ನಿಖರತೆಯ ತ್ರಿಜ್ಯ’ ಎಂಬ ಸಂಖ್ಯೆಯೂ ಬರುತ್ತದೆ, ಕಿಲೋಮೀಟರ್‌ನಲ್ಲಿ. ಅಕ್ಷಾಂಶ ರೇಖಾಂಶ ಬಳಸುವವರು ಈ ಸಂಖ್ಯೆಯನ್ನು ಬಿಟ್ಟು ಬಳಸಬಾರದು. ತ್ರಿಜ್ಯ 200 ಎಂದು ಬಂದರೆ ‘ಬೆಂಗಳೂರು’ ಎಂಬ ಉತ್ತರದೊಳಗೆ ಮೈಸೂರು, ಹಾಸನ, ಕೋಲಾರ ಎಲ್ಲವೂ ಸೇರಿವೆ.

ಇನ್ನು ಇವುಗಳಲ್ಲಿ ಆಯ್ಕೆ. ಒಂದೆರಡು ವಿಳಾಸ ನೋಡಲು ಯಾವ ಜಾಲತಾಣವಾದರೂ ನಡೆಯುತ್ತದೆ, ಎರಡು ಮೂರರಲ್ಲಿ ನೋಡಿ ಹೋಲಿಸಿ. ಎರಡು ಕಡೆ ಒಂದೇ ಊರು ಬಂದರೆ ಅದೇ ಸತ್ಯ ಎಂದೇನಿಲ್ಲ, ಇಬ್ಬರೂ ಒಂದೇ ಮೂಲದಿಂದ ತೆಗೆದಿರಬಹುದು. ಎರಡು ಕಡೆ ಬೇರೆ ಬೇರೆ ಊರು ಬಂದರೆ ಮಾತ್ರ ಖಚಿತ: ಅವುಗಳಲ್ಲಿ ಒಂದಾದರೂ ತಪ್ಪು.

ಆ್ಯಪ್ ಅಥವಾ ಜಾಲತಾಣ ಕಟ್ಟುವವರ ಮುಂದೆ ಎರಡು ದಾರಿ ಇವೆ, ಆನ್‌ಲೈನ್ ಎಪಿಐ (ಪ್ರತಿ ಸಲ ಕಂಪನಿಯ ಸರ್ವರ್‌ಗೆ ಪ್ರಶ್ನೆ ಕಳಿಸುವ ಸೇವೆ) ಅಥವಾ ಡೌನ್‌ಲೋಡ್ ಮಾಡಿಟ್ಟ ಫೈಲ್. ಎಪಿಐ ಶುರುಮಾಡಲು ಸುಲಭ. ಆದರೆ ಉಚಿತ ಎಪಿಐಗಳ ಷರತ್ತು ಓದದೆ ಕೈಹಾಕಬೇಡಿ. ಬಹಳ ಜನಪ್ರಿಯವಾದ ಐಪಿ-ಎಪಿಐ ಡಾಟ್ ಕಾಮ್‌ನ ಉಚಿತ ಸೇವೆ ನಿಮಿಷಕ್ಕೆ 45 ಪ್ರಶ್ನೆಗಳಿಗೆ ಸೀಮಿತ, ವ್ಯಾಪಾರಿ ಬಳಕೆಗೆ ಅಲ್ಲ, ಎಚ್‌ಟಿಟಿಪಿಎಸ್ ಕೂಡ ಇಲ್ಲ. ಅದಕ್ಕಿಂತ ಮುಖ್ಯ, ನಿಮ್ಮ ತಾಣಕ್ಕೆ ಬಂದ ಪ್ರತಿಯೊಬ್ಬರ ವಿಳಾಸವನ್ನೂ ಮೂರನೆಯವರಿಗೆ ಒಪ್ಪಿಸುತ್ತಿದ್ದೀರಿ. ಈ ಒಂದು ಕಾರಣಕ್ಕೇ ನಾನು ಫೈಲ್ ಪರ. ನಿಮ್ಮ ಸರ್ವರ್‌ನಲ್ಲೇ ಇಟ್ಟು ನಿಮ್ಮಲ್ಲೇ ಹುಡುಕಿ. ಮೈಕ್ರೋಸೆಕೆಂಡುಗಳಲ್ಲಿ ಉತ್ತರ ಬರುತ್ತದೆ, ಬಳಕೆದಾರರ ಗುಟ್ಟು ಮನೆಯೊಳಗೇ ಉಳಿಯುತ್ತದೆ.

ಉಚಿತ ಫೈಲ್‌ಗಳಲ್ಲಿ ಮ್ಯಾಕ್ಸ್‌ಮೈಂಡ್‌ನ ಜಿಯೋಲೈಟ್ ಹಳಬ. 2019ರ ಡಿಸೆಂಬರ್ 30ರಿಂದ ಅದಕ್ಕೆ ಖಾತೆ ಮತ್ತು ಕೀ ಬೇಕು. ಊರಿನ ಮಟ್ಟ ಬೇಕು, ಪ್ರೋಗ್ರಾಂ ಲೈಬ್ರರಿಗಳ ಬೆಂಬಲ ಬೇಕು ಎನ್ನುವವರಿಗೆ ಇದೇ ಮೊದಲ ಆಯ್ಕೆ. ದೇಶ ಮತ್ತು ಎಎಸ್ ಸಂಖ್ಯೆ ಸಾಕು ಎನ್ನುವವರಿಗೆ ಐಪಿಇನ್ಫೋದ ಲೈಟ್ ಹೆಚ್ಚು ಚೊಕ್ಕ, ಎರಡೂ ಒಂದೇ ಫೈಲ್‌ನಲ್ಲಿವೆ. ಡಿಬಿ-ಐಪಿಯ ಉಚಿತ ಫೈಲ್ ತಿಂಗಳಿಗೊಮ್ಮೆ ಹೊಸದಾಗುತ್ತದೆ, ಪರವಾನಗಿ ಸರಳ, ಕೃಪೆ ಎಂದು ಹೆಸರು ಹಾಕಿದರೆ ಸಾಕು. ಹಣ ಕೊಟ್ಟು ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ: ನಿಮ್ಮ ಸಿಬ್ಬಂದಿ, ಬಂಧುಬಳಗದವರ ಮನೆಯ ಬ್ರಾಡ್‌ಬ್ಯಾಂಡ್ ವಿಳಾಸಗಳನ್ನು ಅವರ ಒಪ್ಪಿಗೆ ಪಡೆದು ಸೇರಿಸಿ, ಬೀದರ್‌ನಿಂದ ಮಡಿಕೇರಿವರೆಗೆ, ಪ್ರತಿ ಡೇಟಾಬೇಸ್‌ನಲ್ಲೂ ಹುಡುಕಿ. ಕಂಪನಿಯ ಜಾಹೀರಾತಿನ ಶೇಕಡಾವಾರುಗಿಂತ ನಿಮ್ಮ ಬಳಕೆದಾರರಿರುವ ಊರುಗಳ ಫಲಿತಾಂಶ ದೊಡ್ಡದು.

ಮೊಬೈಲ್ ಜಾಲದಲ್ಲಿ ಊರಿನ ಆಸೆ ಬಿಟ್ಟುಬಿಡಿ. ಐಪಿವಿ4 ಸಾಲದೆ ಮೊಬೈಲ್ ಕಂಪನಿಗಳು ಸಿಜಿ-ನ್ಯಾಟ್ ಎಂಬ ವ್ಯವಸ್ಥೆಯಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಬಹಳ ಮಂದಿಗೆ ಹಂಚುತ್ತವೆ. ಆ ವಿಳಾಸ ಇರುವುದು ಕಂಪನಿಯ ಗೇಟ್‌ವೇ ಇರುವ ಮಹಾನಗರದಲ್ಲಿ. ರಾಯಚೂರಿನ ಫೋನ್ ಬೆಂಗಳೂರು, ಹೈದರಾಬಾದ್ ಅಥವಾ ಮುಂಬೈ ಎಂದು ಕಂಡರೆ ಅದು ಡೇಟಾಬೇಸ್‌ನ ತಪ್ಪಲ್ಲ. ನಿಮ್ಮ ರೂಟರ್‌ಗೆ 100.64ರಿಂದ 100.127ರವರೆಗೆ ಶುರುವಾಗುವ ವಿಳಾಸ ಬಂದಿದ್ದರೆ ನೀವೂ ಇದೇ ವ್ಯವಸ್ಥೆಯ ಹಿಂದಿದ್ದೀರಿ.

ಸಂಶಯ ಬಂದಾಗ ಭೌತಶಾಸ್ತ್ರದ ಮೊರೆ ಹೋಗಬಹುದು. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, ಹೋಗಿ ಬರುವ ಲೆಕ್ಕದಲ್ಲಿ ಒಂದು ಮಿಲಿಸೆಕೆಂಡಿಗೆ 100 ಕಿ.ಮೀ. ಬೆಂಗಳೂರಿನಿಂದ ಬ್ರಿಸ್ಬೇನ್ 9,000 ಕಿ.ಮೀ.ಗೂ ಹೆಚ್ಚು ದೂರ, 90 ಮಿಲಿಸೆಕೆಂಡಿಗಿಂತ ಮುಂಚೆ ಅಲ್ಲಿಂದ ಉತ್ತರ ಬರಲು ಸಾಧ್ಯವೇ ಇಲ್ಲ. 5 ಮಿಲಿಸೆಕೆಂಡಿನಲ್ಲಿ ಬಂತೆಂದರೆ ಯಂತ್ರ 500 ಕಿ.ಮೀ. ಒಳಗಿದೆ. ತಡವಾಗಿ ಬಂದ ಉತ್ತರ ಏನನ್ನೂ ಸಾಬೀತು ಮಾಡುವುದಿಲ್ಲ, ದಾರಿ ಸುತ್ತಿಕೊಂಡು ಬಂದಿರಬಹುದು. ಬೇಗ ಬಂದದ್ದನ್ನು ಮಾತ್ರ ಯಾವ ಡೇಟಾಬೇಸೂ ಅಲ್ಲಗಳೆಯಲಾರದು.

ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಕ್ಲೌಡ್‌ಗಳ ವಿಳಾಸಕ್ಕೆ ಈ ಯಾವ ಕಸರತ್ತೂ ಬೇಡ. ಯಾವ ಗುಂಪು ಯಾವ ಪ್ರದೇಶದ್ದು ಎಂಬ ಪಟ್ಟಿಯನ್ನು ಅವರೇ ಪ್ರಕಟಿಸುತ್ತಾರೆ, ಉದಾಹರಣೆಗೆ ಅಮೆಜಾನ್‌ನಲ್ಲಿ ಮುಂಬೈಯದು ಬೇರೆ, ಹೈದರಾಬಾದ್‌ನದು ಬೇರೆ. ನೇರ ಅದನ್ನೇ ಬಳಸಿ.

ನಿಮ್ಮ ಕೆಲಸಕ್ಕೆ ಯಾವುದು

‘ನಿಮ್ಮ ಖಾತೆಗೆ ಮುಂಬೈಯಿಂದ ಲಾಗಿನ್ ಆಗಿದೆ’ ಎಂಬ ಎಚ್ಚರಿಕೆ ಬಂದು, ನೀವು ಹುಬ್ಬಳ್ಳಿಯಲ್ಲಿದ್ದರೆ, ಊರನ್ನು ಪಕ್ಕಕ್ಕಿಟ್ಟು ಜಾಲದ ಹೆಸರು ನೋಡಿ. ನಿಮ್ಮದೇ ಮೊಬೈಲ್ ಕಂಪನಿ, ನಿಮ್ಮದೇ ಮಾದರಿಯ ಫೋನ್, ನೀವು ಬಳಸಿದ ಸಮಯ ಹೊಂದಿಕೊಂಡರೆ ಅದು ನೀವೇ ಆಗಿರುವ ಸಾಧ್ಯತೆ ಹೆಚ್ಚು. ಊರು ಸರಿಯಿದ್ದು ಜಾಲ ಯಾವುದೋ ಹೋಸ್ಟಿಂಗ್ ಕಂಪನಿಯದಾಗಿದ್ದರೆ, ನೀವು ವಿಪಿಎನ್ ಬಳಸುವವರಲ್ಲದಿದ್ದರೆ, ಕೂಡಲೇ ಪಾಸ್‌ವರ್ಡ್ ಬದಲಿಸಿ.

ಸರ್ವರ್ ನೋಡಿಕೊಳ್ಳುವವರಿಗೆ ಬೇಕಾದದ್ದು ಆರ್‌ಡ್ಯಾಪ್‌ನ ದೂರು ವಿಳಾಸ ಮತ್ತು ಎಎಸ್ ಸಂಖ್ಯೆ. ಪಾಸ್‌ವರ್ಡ್ ಊಹಿಸುವ ದಾಳಿ ‘ಬೆಂಗಳೂರಿನಿಂದ’ ಬಂದಿದೆ ಎಂದು ಕಂಡರೆ, ಅದು ಡಿಜಿಟಲ್‌ಓಷನ್‌ನ ಬೆಂಗಳೂರು ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಪಡೆದ ಯಂತ್ರವಾಗಿರಬಹುದು, ನಡೆಸುತ್ತಿರುವವರು ಯಾವ ಖಂಡದಲ್ಲಾದರೂ ಇರಬಹುದು. ಐಪಿವಿ6 ಎಂಬ ಹೊಸ ಮಾದರಿಯ ವಿಳಾಸ ತಡೆಯುವಾಗ ಒಂದೇ ವಿಳಾಸವನ್ನು ತಡೆದು ಪ್ರಯೋಜನವಿಲ್ಲ, ಒಂದು ಸಂಪರ್ಕಕ್ಕೆ ಕನಿಷ್ಠ /64 ಗಾತ್ರದ (ಮೊದಲ 64 ಬಿಟ್ ಒಂದೇ ಆಗಿರುವ ವಿಳಾಸಗಳ) ಗುಂಪೇ ಸಿಗುವುದರಿಂದ ಗುಂಪನ್ನೇ ತಡೆಯಿರಿ.

ವಂಚನೆಗೆ ಸಿಕ್ಕಿ, ಆರೋಪಿಯ ಐಪಿ ವಿಳಾಸ ಕೈಯಲ್ಲಿ ಹಿಡಿದು ಬರುವವರ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಮೇಲಿನ ಯಾವ ಸಾಧನವೂ ವ್ಯಕ್ತಿಯ ಹೆಸರು ಹೇಳುವುದಿಲ್ಲ. ಅದು ಸೇವೆ ಕೊಟ್ಟ ಕಂಪನಿಗೆ ಮಾತ್ರ ಗೊತ್ತು, ಕೇಳುವ ಅಧಿಕಾರ ಪೊಲೀಸರಿಗೆ, ನ್ಯಾಯಾಲಯಕ್ಕೆ ಇದೆ. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ. ದೂರಿನಲ್ಲಿ ಬರೀ ವಿಳಾಸ ಬರೆದರೆ ಸಾಲದು. ಸೆಕೆಂಡಿನವರೆಗಿನ ಸಮಯ, ಆ ಸಮಯ ಭಾರತದ್ದೋ ಯುಟಿಸಿಯೋ (ಜಾಗತಿಕ ಪ್ರಮಾಣ ಸಮಯ) ಎಂಬುದು, ಲಾಗ್‌ನಲ್ಲಿ ಇದ್ದರೆ ಮೂಲ ಪೋರ್ಟ್ ಸಂಖ್ಯೆ, ಇಷ್ಟೂ ಬೇಕು. ಸಿಜಿ-ನ್ಯಾಟ್ ಹಿಂದೆ ಒಂದೇ ಕ್ಷಣದಲ್ಲಿ ಒಂದೇ ವಿಳಾಸ ಅನೇಕರ ಕೈಯಲ್ಲಿರುತ್ತದೆ, ಪೋರ್ಟ್ ಇಲ್ಲದೆ ಅವರನ್ನು ಬೇರ್ಪಡಿಸಲಾಗದು. ಸಮಯದಲ್ಲಿ ಐದೂವರೆ ಗಂಟೆ ಹೆಚ್ಚುಕಡಿಮೆಯಾದರೆ ಸಿಕ್ಕಿಬೀಳುವವರು ಬೇರೆಯವರೇ.

ಇದು ಬರೀ ಊಹೆಯ ಮಾತಲ್ಲ. 2007ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಪುಣೆ ಪೊಲೀಸರು ಬಂಧಿಸಿದರು. ಆಗಿನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದರು ಎಂಬುದು ಆರೋಪ. ಆಧಾರ, ಒಂದು ಐಪಿ ವಿಳಾಸಕ್ಕೆ ಇಂಟರ್ನೆಟ್ ಕಂಪನಿ ಕೊಟ್ಟ ಗ್ರಾಹಕರ ವಿವರ. ಆ ವಿವರ ತಪ್ಪಾಗಿತ್ತು. ಅಷ್ಟು ತಿಳಿದು ಬಿಡುಗಡೆಯಾಗುವ ಹೊತ್ತಿಗೆ ಅವರು ಸುಮಾರು 50 ದಿನ ಜೈಲಿನಲ್ಲಿ ಕಳೆದಿದ್ದರು. ಒಂದು ತಪ್ಪು ಸಾಲು, ಒಬ್ಬ ನಿರಪರಾಧಿಯ 50 ದಿನ. ಐಪಿ ಆಧರಿಸಿ ಯಾರ ಮೇಲಾದರೂ ಬೆರಳು ತೋರಿಸುವ ಮುನ್ನ ಇನ್ನೊಂದು ಸ್ವತಂತ್ರ ಪುರಾವೆ ಬೇಕೇ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ ಕೊಟ್ಟ ನಿರ್ದೇಶನದಂತೆ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಗಡಿಯಾರಗಳನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯ ಸರ್ವರ್‌ಗಳಿಗೆ ಹೊಂದಿಸಬೇಕು. ಸಣ್ಣ ಕಂಪನಿ ನಡೆಸುವವರು ಮೊದಲು ಮಾಡಬೇಕಾದದ್ದು ಈ ಗಡಿಯಾರದ ಕೆಲಸವನ್ನೇ.

ನಿಮ್ಮದೇ ವಿಳಾಸ ತಪ್ಪು ಊರಿನಲ್ಲಿ ಕಂಡರೆ

ಸಣ್ಣ ಕೇಬಲ್ ಇಂಟರ್ನೆಟ್ ಸೇವೆಯವರು ಹೊರದೇಶದಿಂದ ವಿಳಾಸ ತಂದು ಬಳಸಿದಾಗ ಗ್ರಾಹಕರಿಗೆ ಓಟಿಟಿ ‘ಈ ದೇಶದಲ್ಲಿ ಲಭ್ಯವಿಲ್ಲ’ ಎನ್ನುತ್ತದೆ, ಬ್ಯಾಂಕ್‌ನ ಪುಟ ಒಳಗೆ ಬಿಡುವುದಿಲ್ಲ, ಹುಡುಕಾಟದ ಪುಟ ಯಾವುದೋ ಭಾಷೆಯಲ್ಲಿ ತೆರೆದುಕೊಳ್ಳುತ್ತದೆ. ಗ್ರಾಹಕರು ತಾವೇ ಮಾಡಬಹುದಾದದ್ದು ಮ್ಯಾಕ್ಸ್‌ಮೈಂಡ್, ಐಪಿಇನ್ಫೋ, ಐಪಿ2ಲೊಕೇಶನ್ ತಾಣಗಳ ತಿದ್ದುಪಡಿ ಅರ್ಜಿ ತುಂಬುವುದು. ಒಂದರಲ್ಲಿ ತಿದ್ದಿದರೆ ಉಳಿದವು ತಿದ್ದಿಕೊಳ್ಳುವುದಿಲ್ಲ, ಪ್ರತಿಯೊಂದರಲ್ಲೂ ಬೇರೆಯಾಗಿ ಹಾಕಬೇಕು.

ಸೇವೆ ಕೊಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. 2020ರಲ್ಲಿ ಆರ್‌ಎಫ್‌ಸಿ 8805 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾದ ಜಿಯೋಫೀಡ್ ಎಂಬ ಪದ್ಧತಿಯಲ್ಲಿ, ತಮ್ಮ ಯಾವ ವಿಳಾಸದ ಗುಂಪು ಯಾವ ದೇಶ, ಯಾವ ರಾಜ್ಯ, ಯಾವ ಊರಿನಲ್ಲಿದೆ ಎಂದು ಒಂದೊಂದು ಸಾಲಿನಲ್ಲಿ ಬರೆದ ಫೈಲ್ ಅನ್ನು ತಮ್ಮ ತಾಣದಲ್ಲಿಟ್ಟು, ಅದರ ಕೊಂಡಿಯನ್ನು ನೋಂದಣಿ ಕಡತಕ್ಕೆ ಸೇರಿಸಬಹುದು. ಡೇಟಾಬೇಸ್ ಕಂಪನಿಗಳು ಅಂಥ ಫೈಲ್‌ಗಳನ್ನು ಹುಡುಕಿ ಓದುತ್ತವೆ. ನಿಮ್ಮ ಸೇವಾದಾರರಿಗೆ ಫೋನ್ ಮಾಡಿ ‘ಜಿಯೋಫೀಡ್ ಹಾಕಿದ್ದೀರಾ?’ ಎಂದು ಕೇಳಿ. ಕರ್ನಾಟಕದ ಮಟ್ಟಿಗೆ ಆ ಸಾಲಿನಲ್ಲಿ ರಾಜ್ಯದ ಸಂಕೇತ ಐಎನ್-ಕೆಎ ಎಂದಿರಬೇಕು, ಅದರ ಮುಂದೆ ಊರಿನ ಹೆಸರು.